ನನಗೊಬ್ಬನಿಗೇ ಸ್ಟಾರ್ಟ್ ಆಗದ ಕಾರು

ನನ್ನ ಹೊಸ ಕಾರು ಊರಿನವರಿಗೆಲ್ಲ ಸ್ಟಾರ್ಟ್ ಆಗುತ್ತದೆ. ನನಗೆ ಮಾತ್ರ ಆಗುವುದಿಲ್ಲ.

ಬೆಳಗಾವಿ-ಖಾನಾಪುರ ರಸ್ತೆಯ ಮಚ್ಛೆಯ ಸರ್ವಿಸ್ ಸೆಂಟರಿನ ದೂರಿನ ಫಾರ್ಮಿನಲ್ಲಿ ಈ ವಾಕ್ಯ ಬರೆಯುವಾಗ ನಾನು ಹಿಂದೆಮುಂದೆ ನೋಡಲಿಲ್ಲ. ಸರಕಾರಿ ನೌಕರಿಯಲ್ಲಿ ಇದಕ್ಕಿಂತ ಅಸಂಭವವಾದ ವಾಕ್ಯಗಳ ಕೆಳಗೆ ಸಹಿ ಹಾಕಿ ನಿವೃತ್ತನಾದವನು ನಾನು. ಆದರೆ ಟೇಬಲ್ಲಿನ ಆಚೆಗಿದ್ದ ಸರ್ವಿಸ್ ಅಡ್ವೈಸರ್ ಹೆಣ್ಣುಮಗಳು ಅದನ್ನು ಓದಿದಳು. ನನ್ನನ್ನು ನೋಡಿದಳು. ಮತ್ತೊಮ್ಮೆ ಓದಿದಳು.

"ಸರ್, ನಿಮಗಷ್ಟ ಆಗಂಗಿಲ್ಲಾ?"

"ನನಗಷ್ಟ."

"ಪ್ರತಿ ಸಲಾನೂ?"

"ಇಲ್ಲವ್ವಾ. ಅದರ ಮನಸ್ಸಿಗೆ ಬಂದಾಗ ಆಗತೈತಿ."

ಆಕೆ ಫಾರ್ಮಿನಲ್ಲಿ ಏನೋ ಬರೆದುಕೊಂಡಳು. ಕಾರಿನ ಬಗ್ಗೆಯೋ ನನ್ನ ಬಗ್ಗೆಯೋ ಎಂದು ಕೇಳುವ ಧೈರ್ಯವಾಗಲಿಲ್ಲ.

ಇದು ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರು. ಕೀಲಿ ತಿರುವುವ ಕಾಲ ಹೋಯಿತಂತೆ. ಈಗ ಕೀಲಿ ಕಿಸೆಯಲ್ಲಿರಬೇಕು, ಎಡಗಾಲು ಕ್ಲಚ್ಚಿನ ಮೇಲಿರಬೇಕು, ಬೆರಳು ಗುಂಡಿಯ ಮೇಲಿರಬೇಕು. ಮೂರೂ ಕೂಡಿ ಬಂದ ಶುಭ ಗಳಿಗೆಯಲ್ಲಿ ಎಂಜಿನ್ ಕಣ್ಣು ಬಿಡುತ್ತದೆ. ಮದುವೆಯ ಮುಹೂರ್ತಕ್ಕೂ ಇಷ್ಟು ಕಟ್ಟುನಿಟ್ಟಿಲ್ಲ.

ಕಾರು ಬಂದ ಮೂರನೆಯ ದಿನವೇ ಕೋಟೆಯ ಹತ್ತಿರ, ಸಂಜೆಯ ಗದ್ದಲದ ನಡುವೆ, ಮೊದಲ ಸಲ ಕೈಕೊಟ್ಟಿತು. ಗುಂಡಿ ಒತ್ತಿದೆ. ಮೌನ. ಎದುರಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಅಪ್ಪಣೆ ಮೂಡಿತು: ಕ್ಲಚ್ ಒತ್ತಿ.

ಒತ್ತಿಯೇ ಇದ್ದೆನಲ್ಲ! ಇನ್ನಷ್ಟು ಬಲ ಹಾಕಿ ಒತ್ತಿದೆ. ಮತ್ತೆ ಅದೇ ಅಪ್ಪಣೆ. ನನ್ನ ಅರ್ಧ ಆಯುಷ್ಯ ಕ್ಲಚ್ ಒತ್ತುವುದರಲ್ಲೇ ಕಳೆದಿದೆ. ನಿನ್ನೆ ಮೊನ್ನೆ ಶೋರೂಮಿನಿಂದ ಹೊರಗೆ ಬಂದ ಒಂದು ಡಬ್ಬಿ ನನಗೆ ಪಾಠ ಹೇಳುವುದೇ? ಕೆಳಗಿಳಿದೆ, ಬಾನೆಟ್ ಎತ್ತಿ ಒಳಗೆ ಗಂಭೀರವಾಗಿ ನೋಡಿದೆ. (ತಿಳಿಯಲಿ ಬಿಡಲಿ, ಬಾನೆಟ್ ಎತ್ತಿ ನೋಡದ ಗಂಡಸನ್ನು ನಮ್ಮ ಊರು ಕ್ಷಮಿಸುವುದಿಲ್ಲ.) ಮುಚ್ಚಿ ಬಂದು ಕುಳಿತು ಒತ್ತಿದರೆ, ಕಾರು ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್!

ಆಮೇಲೆ ಹಾಲಿನ ಅಂಗಡಿಯ ಮುಂದೆ. ಆಮೇಲೆ ನಮ್ಮ ಸದಾಶಿವನಗರದ ಮನೆಯ ಗೇಟಿನಲ್ಲೇ, ಅರ್ಧ ಒಳಗೆ ಅರ್ಧ ಹೊರಗೆ. ಎರಡೂ ಕಡೆ ನಾನಿಳಿದು ಬೇರೆಯವರು ಕುಳಿತು ಒತ್ತಿದರೆ ತಕ್ಷಣ ಸ್ಟಾರ್ಟ್!

ನಮ್ಮ ಮನೆಯವರಿಗೆ ಕಾರಣ ತಕ್ಷಣ ಹೊಳೆಯಿತು. "ದೃಷ್ಟಿ ಆಗೇತ್ರಿ. ಎದುರು ಮನಿಯವರು ಗಾಡಿ ನೋಡಿದ್ದ ನೋಡಿದ್ದು."

"ಅವರ ಗಾಡಿ ನಮ್ಮದಕ್ಕಿಂತ ದೊಡ್ಡದೈತೆಲ್ಲ?"

"ಅದಕ್ಕ ನೋಡೂದು!"

ಇಂಥ ತರ್ಕದ ಮುಂದೆ ನಾನು ಎಂದೂ ಗೆದ್ದಿಲ್ಲ. ಲಿಂಬೆಹಣ್ಣು, ಮೆಣಸಿನಕಾಯಿ ಬಂಪರಿಗೆ ಏರಿದವು. ಮರುದಿನ ಕಾರು ಅವನ್ನೂ ಕಟ್ಟಿಕೊಂಡು ಸುಮ್ಮನೆ ನಿಂತಿತು.

ಸರ್ವಿಸ್ ಸೆಂಟರಿನವರು ಎರಡು ದಿನ ಇಟ್ಟುಕೊಂಡರು. ಕಂಪ್ಯೂಟರ್ ಹಚ್ಚಿದರು, ಕೀಲಿಯ ಬ್ಯಾಟರಿ ಬದಲಿಸಿದರು. ಅಲ್ಲಿಯ ಹುಡುಗರು ಯಾರು ಕುಳಿತು ಒತ್ತಿದರೂ ಒಂದೇ ಏಟಿಗೆ ಸ್ಟಾರ್ಟ್. ದೋಷ ಕಂಡುಬಂದಿಲ್ಲ ಎಂದು ಬರೆದು ಕಾರನ್ನೂ ಕಾಗದವನ್ನೂ ಕೈಗಿತ್ತರು. ದೋಷ ಕಾರಿನಲ್ಲಿಲ್ಲ ಎಂದರೆ ಮತ್ತೆಲ್ಲಿದೆ ಎಂದರ್ಥ? ನನಗೆ ಮೈಯೆಲ್ಲ ಉರಿಯಿತು. ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆಂದು ಗುಡುಗಿ ಬಂದೆ.

ಕಳೆದ ವಾರ ನಮ್ಮ ಅಕ್ಕನ ಕಣ್ಣಿನ ಆಪರೇಷನ್. ಅಕ್ಕ ಇರುವುದು ಖಾನಾಪುರದಲ್ಲಿ, ದವಾಖಾನೆ ಬೆಳಗಾವಿಯಲ್ಲಿ. ಎರಡೂ ಕಣ್ಣಿಗೆ ಪೊರೆ ಬಂದು, ಒಂದಂತೂ ಪೂರ್ತಿ ಮಂಜು. ಡಾಕ್ಟರು ಒಂಬತ್ತಕ್ಕೆ ಬರಹೇಳಿದ್ದರು. ತಪ್ಪಿದರೆ ಮತ್ತೆ ತಿಂಗಳೊಪ್ಪತ್ತು ಕಾಯಬೇಕು. ನಾನು ನಸುಕಿನಲ್ಲೇ ಖಾನಾಪುರ ಸೇರಿ, ಚಹಾ ಕುಡಿದು, ಅಕ್ಕನನ್ನು ಹಿಂದಿನ ಸೀಟಿನಲ್ಲಿ ಕೂಡಿಸಿ ಗುಂಡಿ ಒತ್ತಿದೆ.

ಕ್ಲಚ್ ಒತ್ತಿ, ಎಂದಿತು ಪರದೆ.

ಇಳಿದೆ, ಹತ್ತಿದೆ. ಮತ್ತೆ ಇಳಿದೆ, ಮತ್ತೆ ಹತ್ತಿದೆ. ಏಳೂವರೆ ದಾಟಿತು.

"ತಮ್ಮಾ, ಬಸ್ಸಿಗಿ ಹೋಗಿದ್ರ ಇಷ್ಟೊತ್ತಿಗಿ ಮಚ್ಛೆ ದಾಟತಿದ್ವೆಲ್ಲೋ," ಎಂದಳು ಅಕ್ಕ.

ಓಣಿಯ ತುದಿಯಲ್ಲಿ ಪರಶುರಾಮನ ಗ್ಯಾರೇಜು. ನಡುವಯಸ್ಸಿನ ಮನುಷ್ಯ, ಹೆಚ್ಚಾಗಿ ಟ್ರ್ಯಾಕ್ಟರ್ ರಿಪೇರಿ. ಎಣ್ಣೆಗೈ ಒರೆಸಿಕೊಳ್ಳುತ್ತ ಬಂದು, ನನ್ನ ಪುರಾಣವನ್ನು ಪೂರ್ತಿ ಕೇಳಿದ. ನಾನು ಇಳಿದು ಸೀಟು ಬಿಟ್ಟುಕೊಟ್ಟೆ. ಅವನು ಹತ್ತಲಿಲ್ಲ.

"ನಾ ಕುಂದ್ರಂಗಿಲ್ರಿ ಕಾಕಾ. ಮಂದಿ ಕುಂತ್ರ ಚಾಲೂ ಆಗತೈತಿ ಅಂತ ನೀವ ಹೇಳಿದ್ರೆಲಾ? ನೀವ ಕುಂದರ್ರಿ. ದಿನಾ ಹೆಂಗ ಮಾಡ್ತೀರಿ, ಖರೇ ಹಂಗ ಮಾಡ್ರಿ. ನಾ ನೋಡ್ತೇನಿ."

ಕಂಪ್ಯೂಟರಿಗೂ ಹೊಳೆಯದ ಉಪಾಯ! ಕಾರನ್ನು ಬಿಟ್ಟು ಡ್ರೈವರನ್ನು ತಪಾಸಣೆ ಮಾಡುವುದು.

ಬಾಗಿಲು ತೆರೆದಿಟ್ಟು ಕುಳಿತೆ. ಚಪ್ಪಲಿ ಬಿಟ್ಟು ಎಡಗಾಲಿನಿಂದ ಮೂಲೆಗೆ ಸರಿಸಿದೆ. ಡ್ಯಾಶ್‌ಬೋರ್ಡಿನ ಮೇಲಿನ ಬಸವಣ್ಣನವರ ಪುಟ್ಟ ಮೂರ್ತಿಗೆ ಕೈ ಮುಗಿದೆ. ಕ್ಲಚ್ ಒತ್ತಿದೆ, ಗುಂಡಿ ಒತ್ತಿದೆ. ಮೌನ. ಅಭ್ಯಾಸದಂತೆ ಇಳಿಯಲು ಹೊರಟೆ.

"ಥಾಂಬಾ!" ಪರಶುರಾಮ ಮರಾಠಿಯಲ್ಲಿ ಚೀರಿದ. "ಇಳೀಬ್ಯಾಡ್ರಿ! ಕಾಲ ತಗೀಬ್ಯಾಡ್ರಿ!"

ನನ್ನ ಕಾಲ ಬಳಿ ಕುಕ್ಕರಗಾಲಿನಲ್ಲಿ ಕುಳಿತು, ಕ್ಲಚ್ಚಿನ ಹಿಂದೆ ಕೈ ಹಾಕಿ, ಹಲ್ಲು ಕೀಳುವವನಂತೆ ಏನನ್ನೋ ಎಳೆದು ತೆಗೆದ.

"ಇದ್ಯಾರದ್ರಿ?"

ನನ್ನದೇ ಚಪ್ಪಲಿ. ದಪ್ಪ ತೊಗಲಿನ ಕೊಲ್ಹಾಪುರಿ.

ಬಸವಣ್ಣನವರ ಎದುರು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡು ಕೂಡುವುದೇ ಎಂದು ನಮ್ಮ ಮನೆಯವರು ಕಾರಿನ ಪೂಜೆಯ ದಿನವೇ ಫರ್ಮಾನು ಹೊರಡಿಸಿದ್ದರು. (ಇಂಥ ಭಕ್ತಿಯನ್ನು ಆ ಮಹಾನುಭಾವರು ಯಾರಿಂದಲೂ ಕೇಳಿರಲಿಲ್ಲ, ಅದು ಬೇರೆ ಮಾತು.) ಮೂಲೆಗೆ ಸರಿಸಿದ ಚಪ್ಪಲಿ ಒಮ್ಮೊಮ್ಮೆ ಪೆಡಲ್ಲಿನ ಹಿಂದೆ ಸೇರುತ್ತಿತ್ತು. ಕ್ಲಚ್ ಪೂರ್ತಿ ಕೆಳಗಿಳಿಯುತ್ತಿರಲಿಲ್ಲ. ಹೊಸ ಗಾಡಿ, ಬಿಗಿ ಇರಬೇಕು ಎಂದುಕೊಂಡಿದ್ದೆ. ಕಾರು ಪಾಪ ಇದ್ದದ್ದನ್ನೇ ಹೇಳುತ್ತಿತ್ತು. ನಾನೋ, ಪ್ರತಿ ಸಲ ಇಳಿಯುವಾಗ, ಪೆಡಲ್ ಬಿಟ್ಟೊಡನೆ ಸಡಿಲಾದ ಅಪರಾಧಿಯನ್ನು ಕಾಲಿಗೆ ಮೆಟ್ಟಿಕೊಂಡು ಬಾನೆಟ್ಟಿನಲ್ಲಿ ಹುಡುಕಲು ಹೋಗುತ್ತಿದ್ದೆ. ಸರ್ವಿಸ್ ಸೆಂಟರಿಗೆ ಕಾರು ಕೊಟ್ಟಾಗಲೂ ಅದನ್ನು ಮೆಟ್ಟಿಕೊಂಡೇ ಮನೆಗೆ ಬಂದೆ. ಅವರಿಗೆ ದೋಷ ಸಿಗುವುದೆಂತು?

ಅಕ್ಕ ಹಿಂದಿನ ಸೀಟಿನಲ್ಲಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಸಣ್ಣಾಂವಿದ್ದಾಗೂ ಹಿಂಗ. ಕನ್ನಡಕ ತಲಿ ಮ್ಯಾಲ, ಹುಡುಕೂದು ಊರೆಲ್ಲ!" ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ?

ಪರಶುರಾಮ ಮಾತ್ರ ನಗಲಿಲ್ಲ. ಚಪ್ಪಲಿಯನ್ನು ಮತ್ತೆ ಒಳಗಿಟ್ಟ. ಈ ಸಲ ನಾಲ್ಕು ಬೆರಳು ಬಲಕ್ಕೆ.

"ಈಗ ಬ್ರೇಕ್ ಒತ್ರಿ."

ಒತ್ತಿದೆ. ಅರ್ಧಕ್ಕೆ ಹೋಗಿ ನಿಂತಿತು.

"ಇನ್ನೂ ಒತ್ರಿ."

"ಹೋಗವಲ್ದೋ ಮಾರಾಯಾ."

"ಹೋಗಂಗಿಲ್ರಿ. ಹೈವೇದಾಗ ಎದುರು ಲಾರಿ ಬಂದ್ರೂ ಹೋಗಂಗಿಲ್ಲ." ಚಪ್ಪಲಿ ಕಿತ್ತುಕೊಂಡು ಹೋಗಿ ತಾನೇ ಡಿಕ್ಕಿಯಲ್ಲಿ ಒಗೆದು ಧಪ್ಪನೆ ಮುಚ್ಚಿದ.

ಅಕ್ಕನ ನಗು ನಿಂತಿತ್ತು. ಕನ್ನಡಿಯಲ್ಲಿ ನೋಡಿದೆ. ಕಣ್ಣು ಸರಿಯಾಗಿ ಕಾಣದ ಆಕೆ ಎರಡೂ ಕೈಯಿಂದ ತಡವುತ್ತ ಸೀಟ್‌ಬೆಲ್ಟ್ ಹುಡುಕುತ್ತಿದ್ದಳು.

ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಒಂಬತ್ತಕ್ಕೆ ಐದು ನಿಮಿಷವಿರುವಾಗ ದವಾಖಾನೆ ಮುಟ್ಟಿದೆವು. ಆಪರೇಷನ್ ಚೆನ್ನಾಗಿ ಆಯಿತು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ನಾನು ಮಾತ್ರ ಮಧ್ಯಾಹ್ನದ ತನಕ ಬಲಗಾಲಿನಿಂದ ನೆಲವನ್ನು ಬ್ರೇಕಿನಂತೆ ಒತ್ತುತ್ತಲೇ ಇದ್ದೆ.

ಕಾರು ಸ್ಟಾರ್ಟ್ ಆಗದ ದಿನಗಳೆಲ್ಲ ನನಗೆ ಬಾಯಿಪಾಠ. ಯಾವ ವಾರ, ಎಷ್ಟು ಗಂಟೆ, ಯಾರ ಮುಂದೆ ಮಾನ ಹೋಯಿತು, ಎಲ್ಲ ಹೇಳಬಲ್ಲೆ. ಆದರೆ ಸ್ಟಾರ್ಟ್ ಆಗಿ ರಸ್ತೆಯ ಮೇಲೆ ಎಂಬತ್ತರಲ್ಲಿ ಓಡುತ್ತಿದ್ದ ದಿನಗಳಲ್ಲಿ, ಆ ಚಪ್ಪಲಿ ಎಲ್ಲಿತ್ತು?