ನೋರೀನ್ ಅಂಗಡಿಯ ಹಳದಿ ಸೇವಂತಿಗೆ

ನಾವು ಐರ್ಲೆಂಡಿನ ಅತ್ಲೋನಿನಲ್ಲಿದ್ದ ಆ ದಿನಗಳಲ್ಲಿ ಅಕ್ಟೋಬರ್ ಬಂತೆಂದರೆ ಇಡೀ ಊರಿಗೇ ಒಂದು ವಾಸನೆ ಬರುತ್ತಿತ್ತು. ಶಾನನ್ ನದಿಯಿಂದೇಳುವ ಮಂಜು, ಕೊಳೆಯುವ ಎಲೆ, ಚಿಮಣಿಗಳಿಂದ ಬೀದಿಗಿಳಿಯುವ ಟರ್ಫ್ ಹೊಗೆ, ಎಲ್ಲ ಬೆರೆತ ವಾಸನೆ. ಜೌಗು ನೆಲದಿಂದ ಕಡಿದು ಒಣಗಿಸಿದ ಮಣ್ಣಿನ ಹೆಂಟೆಯೇ ಟರ್ಫ್. ನಮ್ಮ ಕಡೆ ಬೆರಣಿ ಉರಿಸುವ ಹಾಗೆ ಅಲ್ಲಿಯ ಹಳಬರು ಅದನ್ನು ಉರಿಸುತ್ತಿದ್ದರು. ಶಾಲೆಯಲ್ಲಿ ಹ್ಯಾಲೊವೀನ್ ಆಟಗಳು ಶುರುವಾಗುತ್ತಿದ್ದವು. ನೀರಿನ ಬೋಗುಣಿಯಲ್ಲಿ ತೇಲುವ ಸೇಬನ್ನು ಕೈ ಹಿಂದೆ ಕಟ್ಟಿಕೊಂಡು ಬಾಯಲ್ಲೇ ಕಚ್ಚಿ ಎತ್ತಬೇಕು. ಮೂಗಿಗೆ ನೀರು ನುಗ್ಗಿ ಕಣ್ಣು ಉರಿಯುತ್ತಿತ್ತು. ಹೊರದೇಶದಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ಶಾಲೆಯಲ್ಲಿ ಒಂದು ಹಬ್ಬ, ಮನೆಯಲ್ಲಿ ಇನ್ನೊಂದು. ನಮ್ಮ ಮನೆಯಲ್ಲಿ ಮಾತ್ರ ಅಮ್ಮ ಹೋದಮೇಲೆ ಯಾವ ಹಬ್ಬವೂ ಇರಲಿಲ್ಲ.

ನಾನು ಒಂಬತ್ತು ವರ್ಷದವಳಾಗಿದ್ದ ಆ ಅಕ್ಟೋಬರಿನಲ್ಲಿ ಅಪ್ಪನ ಮದುವೆ ಗೊತ್ತಾಗಿತ್ತು.

ಹುಡುಗಿ ಶೈಲಾ ಆಂಟಿ. ತುಮಕೂರಿನವರು. ಎಂ.ಎಸ್ಸಿ. ಓದಲು ಬಂದು ಅಪ್ಪನ ಆಫೀಸಿನಲ್ಲೇ ಕೆಲಸಕ್ಕೆ ಸೇರಿದ್ದರು. ನನಗೆ ಅವರ ಮೇಲೆ ಸಿಟ್ಟೇನೂ ಇರಲಿಲ್ಲ. ಮಾತಾಡಲು ಏನೂ ಇರಲಿಲ್ಲ, ಅಷ್ಟೆ. ಅವರು ಕನ್ನಡದಲ್ಲಿ ಏನಾದರೂ ಕೇಳಿದರೆ ನಾನು ಅಲ್ಲಿಯವರ ಇಂಗ್ಲಿಷಿನಲ್ಲಿ 'ಗ್ರ್ಯಾಂಡ್', ಎಲ್ಲ ಸರಿಯಿದೆ, ಅಂದು ಮೆಟ್ಟಿಲು ಹತ್ತಿಬಿಡುತ್ತಿದ್ದೆ. ಅಮ್ಮ ಕ್ಯಾನ್ಸರಿನಿಂದ ತೀರಿಕೊಂಡು ಎರಡು ಚಳಿಗಾಲ ಕಳೆದಿದ್ದವು. ಕೊನೆಗೊನೆಗೆ ಅವಳ ತಲೆಯಲ್ಲಿ ಕೂದಲೇ ಇರಲಿಲ್ಲ. ಉಣ್ಣೆಯ ಟೋಪಿ ಹಾಕಿಕೊಂಡು, ನೇರಳೆ ಬಣ್ಣದ ಕೋಟಿನೊಳಗೆ ಮುದುಡಿ ಕೂರುತ್ತಿದ್ದಳು. ಅವಳು ಹೋದಮೇಲೆ ಆ ಕೋಟನ್ನು ಅಪ್ಪ ಹಳೆ ಬಟ್ಟೆ ಮಾರುವ ಚಾರಿಟಿ ಅಂಗಡಿಗೆ ಕೊಟ್ಟುಬಿಟ್ಟಿದ್ದರು.

ಅಪ್ಪನಿಗೆ ಮದುವೆ ಸದ್ದಿಲ್ಲದೆ ಮುಗಿದರೆ ಸಾಕಾಗಿತ್ತು. ಶೈಲಾ ಆಂಟಿ ಹಟ ಹಿಡಿದದ್ದು ಒಂದಕ್ಕೇ. "ಊಟ ಹೇಗಾದ್ರೂ ಇರ್ಲಿ, ಸೀರೆ ಹಳೇದೇ ಆಗ್ಲಿ. ಹೂವು ಮಾತ್ರ ಪ್ಲಾಸ್ಟಿಕ್ ಬೇಡ. ನಿಜವಾದ ಹೂವು ಬೇಕು," ಅಂದಿದ್ದರು. ಹಾಗಾಗಿ ಒಂದು ಶನಿವಾರ ನಾವು ಮೂವರೂ ಹೂವಿನ ಅಂಗಡಿಗೆ ಹೋದೆವು.

ನದಿಯ ಆಚೆ ದಡದಲ್ಲಿ, ಇಳಿಜಾರಿನ ಬೀದಿಯೊಂದರಲ್ಲಿ ನೋರೀನ್ ಎಂಬ ವಯಸ್ಸಾದ ಹೆಂಗಸು ಆ ಅಂಗಡಿ ನಡೆಸುತ್ತಿದ್ದಳು. ಒಳಗೆ ಫ್ರಿಜ್ಜಿನಂಥ ಚಳಿ. ನವೆಂಬರ್ ಅಲ್ಲಿಯವರಿಗೆ ಸತ್ತವರ ತಿಂಗಳು, ಎಲ್ಲರೂ ಸಮಾಧಿಗಳಿಗೆ ಹೂವು ಒಯ್ಯುತ್ತಾರೆ. ಗೋಡೆಯ ತುಂಬ ಹಸಿರೆಲೆಯ ದುಂಡನೆಯ ಚಕ್ರಗಳು ನೇತಾಡುತ್ತಿದ್ದವು. ಅದರ ನಡುವೆ ಮದುವೆಗೆಂದು ಬಂದವರು ನಾವು ಮಾತ್ರ. ನೋರೀನ್ ಗುಲಾಬಿ ತೋರಿಸಿದಳು, ಲಿಲ್ಲಿ ತೋರಿಸಿದಳು. ಮಲ್ಲಿಗೆ ಇದೆಯೇ ಎಂದರೆ ನಕ್ಕು ತಲೆಯಾಡಿಸಿದಳು. ನಾನು ಹಿಂದಿನ ಕೋಣೆಯ ಬಾಗಿಲಲ್ಲಿದ್ದ ಬಕೆಟ್ಟುಗಳಿಗೆ ಬಗ್ಗಿ ಒಂದೊಂದೇ ಹೂವು ಮೂಸುತ್ತಿದ್ದೆ.

"ನಿಮ್ಮ ಜೊತೆ ಬಂದವರಿಗೂ ಒಂದು ಕುರ್ಚಿ ಕೊಡಲಾ? ಆಗಿನಿಂದ ನಿಂತೇ ಇದ್ದಾರೆ," ಅಂದಳು ನೋರೀನ್.

ಅಪ್ಪ ಹಿಂದಿರುಗಿ ನೋಡಿದರು. "ನಮ್ಮ ಜೊತೆ ಬೇರೆ ಯಾರೂ ಬಂದಿಲ್ಲ."

"ಓ, ತಪ್ಪು ತಿಳಿದುಕೊಂಡೆ. ನಿಮ್ಮ ಹಿಂದೆಯೇ ಒಳಗೆ ಬಂದರಲ್ಲ, ನಿಮ್ಮವರೇ ಅಂದುಕೊಂಡೆ. ನೇರಳೆ ಕೋಟು, ಉದ್ದ ಜಡೆ." ನೋರೀನ್ ಕತ್ತು ಚಾಚಿ ಒಳಕೋಣೆಯ ಕಡೆ ನೋಡಿದಳು. "ಈಗ ಕಾಣಿಸುತ್ತಿಲ್ಲ. ಹೋದರೇನೋ."

ಬಾಗಿಲಿಗೆ ಗಂಟೆ ಕಟ್ಟಿತ್ತು. ನಾವು ಬಂದಾಗ ಅದು ಬಾರಿಸಿತ್ತು, ಆಮೇಲೆ ಬಾರಿಸಿರಲಿಲ್ಲ. ಅಪ್ಪ ನನ್ನ ಮಣಿಕಟ್ಟನ್ನು ನೋಯುವಷ್ಟು ಬಿಗಿಯಾಗಿ ಹಿಡಿದು, ಇನ್ನೊಮ್ಮೆ ಬರುತ್ತೇವೆಂದು ಹೇಳಿ ಹೊರಗೆ ಎಳೆದುಕೊಂಡು ಬಂದರು.

ಕಾರಿನಲ್ಲಿ ಅವರೇ ವಿವರಣೆ ಕೊಟ್ಟುಕೊಂಡರು. "ಚಿಕ್ಕ ಊರು. ಆ ಕೋಟನ್ನ ಯಾರೋ ಕೊಂಡ್ಕೊಂಡಿರ್ತಾರೆ, ಅಷ್ಟೇ."

"ಮತ್ತೆ ಜಡೆ?" ಅಂದೆ ನಾನು.

ಅಪ್ಪ ಕಾರು ಶುರು ಮಾಡಿದರು. ಆ ವಯಸ್ಸಿನ ನನ್ನ ತಲೆಗೆ ಬಂದದ್ದು ಹೆದರಿಕೆಯಲ್ಲ. ಅಮ್ಮನ ಕೂದಲು ಮತ್ತೆ ಬೆಳೆದಿದೆ ಎಂದು ನನಗೆ ಖುಷಿಯಾಯಿತು. ಹೆದರಿಕೆ ಶುರುವಾದದ್ದು ಮನೆಗೆ ಬಂದಮೇಲೆ, ಖಾಲಿ ಅಡಿಗೆಮನೆಯ ದೀಪ ಹಾಕಲು ಕೈ ಚಾಚಿದಾಗ.

ಮುಂದಿನ ವಾರ ಅಪ್ಪ ನಮ್ಮನ್ನು ಡಬ್ಲಿನ್ ಕಡೆಗೆ ಕರೆದೊಯ್ದರು. ಕ್ಲಾಂಡಾಲ್ಕಿನ್ನಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸಗಟು ಹೂವು ಮಾರುವ ಗೋಡೌನು. ಟ್ಯೂಬ್‌ಲೈಟು, ಸಿಮೆಂಟ್ ನೆಲ, ರೇಡಿಯೊ, ರಟ್ಟಿನ ಪೆಟ್ಟಿಗೆಗಳು. ದೆವ್ವ ಬಂದರೂ ನಿಲ್ಲಲು ಜಾಗವಿಲ್ಲದಂಥ ಕಡೆ. ಅಪ್ಪ ಎಷ್ಟೋ ದಿನದ ಮೇಲೆ ಹಗುರಾಗಿ ಮಾತಾಡಿದರು. ಕೆಂಪು ಗುಲಾಬಿ, ಬಿಳಿ ಲಿಲ್ಲಿ ಎಂದು ಬೇಗಬೇಗ ತೀರ್ಮಾನಿಸಿದರು. ಅಲ್ಲಿಯ ಹುಡುಗ ಎಲ್ಲವನ್ನೂ ಬರೆದುಕೊಂಡು, ಭಾರವಾದ ಕಬ್ಬಿಣದ ಬಾಗಿಲನ್ನು ನಮಗಾಗಿ ತೆರೆದು ಹಿಡಿದ. ಶೈಲಾ ಆಂಟಿ ದಾಟಿದರು, ನಾನು ದಾಟಿದೆ, ಅಪ್ಪ ದಾಟಿದರು.

ಹುಡುಗ ಬಾಗಿಲು ಬಿಡಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ಇನ್ನೊಬ್ಬರಿಗೆ ದಾರಿ ಬಿಟ್ಟ.

"ನೋಡಿಕೊಂಡು ಇಳಿಯಿರಿ, ಮೆಟ್ಟಿಲು ಒದ್ದೆಯಾಗಿದೆ," ಎಂದು ಖಾಲಿ ಜಾಗಕ್ಕೆ ಹೇಳಿ, ತಲೆಬಾಗಿಸಿ ನಕ್ಕು, ಆಮೇಲೆ ಬಾಗಿಲು ಹಾಕಿದ.

ಅಪ್ಪ ಅದನ್ನು ನೋಡಿದರು. ಅವರು ನೋಡಿದ್ದನ್ನು ನಾನು ನೋಡಿದೆ. ಅತ್ಲೋನಿನವರೆಗೂ ಕಾರಿನ ಹಿಂದಿನ ಸೀಟಿನಲ್ಲಿ ನಾನು ಒಂದು ಬದಿಗೆ ಒತ್ತಿಕೊಂಡು ಕೂತಿದ್ದೆ. ಪಕ್ಕದ ಸೀಟಿನ ಮೇಲೆ ಕೈ ಇಡಲು ಆಸೆ, ಇಡಲು ಭಯ.

ಮನೆಯಲ್ಲಿ ಅಪ್ಪ ಜಾಕೆಟನ್ನೂ ಬಿಚ್ಚದೆ ಅಡಿಗೆಮನೆಯ ಕುರ್ಚಿಯಲ್ಲಿ ಕೂತರು. "ಶೈಲಾ, ಈ ಮದುವೆ ಬೇಡ ಅನ್ಸುತ್ತೆ. ಅವಳಿಗೆ ಇಷ್ಟ ಇಲ್ಲ."

ಶೈಲಾ ಆಂಟಿ ಟೀಗೆ ನೀರಿಡುತ್ತಿದ್ದರು.

"ಇಷ್ಟ ಇಲ್ಲ ಅಂತ ಯಾರು ಹೇಳಿದ್ರು ನಿಮಗೆ? ಬಂದಿರೋದು ಹೂವಿನ ಅಂಗಡಿಗೆ. ಮದುವೆ ನಿಲ್ಲಿಸ್ಬೇಕು ಅನ್ನೋರು ಹೂವು ನೋಡಕ್ಕೆ ಯಾಕೆ ಬರ್ತಾರೆ?"

"ನಿನಗೆ ಭಯ ಆಗಲ್ವಾ?"

"ಆಗ್ತಿದೆ. ಆದ್ರೆ ಅವರು ಈ ಮನೆಯ ಮುತ್ತೈದೆ. ಹೋದೋರಿಗೆ ಎಡೆ ಇಡದೆ ನಮ್ಮೂರಲ್ಲಿ ಯಾರೂ ಮದುವೆ ಕೆಲಸಕ್ಕೆ ಕೈ ಹಾಕಲ್ಲ. ನೀವು ಇಲ್ಲಿಗೆ ಬಂದ್ಮೇಲೆ ಅದನ್ನೆಲ್ಲ ಬಿಟ್ಟುಬಿಟ್ರಿ. ಕರೀದೇ ಇದ್ರೆ ಅವರು ಹೀಗೇ ಹಿಂದೆ ಹಿಂದೆ ನಡ್ಕೊಂಡು ಬರ್ಬೇಕಲ್ವಾ?"

ಅಪ್ಪ ಮುಖ ಮುಚ್ಚಿಕೊಂಡು ಅತ್ತರು. ಅಮ್ಮನ ಅಂತ್ಯಕ್ರಿಯೆಯ ದಿನವೂ ಅವರು ಅಳುವುದನ್ನು ನಾನು ನೋಡಿರಲಿಲ್ಲ.

ಹ್ಯಾಲೊವೀನ್ ರಜೆ ಮುಗಿದು ಶಾಲೆ ಮತ್ತೆ ಶುರುವಾದ ವಾರ ಶೈಲಾ ಆಂಟಿ ನನ್ನನ್ನು ಶಾಲೆಯಿಂದ ನೇರವಾಗಿ ನೋರೀನ್ ಅಂಗಡಿಗೆ ಕರೆದುಕೊಂಡು ಹೋದರು. ಐದು ಗಂಟೆಗೆಲ್ಲ ಕತ್ತಲು. ಒಳಗೆ ಹೋಗಿ ಅವರು ಕೇಳಿದ್ದು ಒಂದೇ. "ಆವತ್ತು ನಮ್ಮ ಹಿಂದೆ ಬಂದವರು ಯಾವ ಹೂವಿನ ಹತ್ತಿರ ನಿಂತಿದ್ದರು?"

ನೋರೀನ್ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. "ಅವರು ನಿಮಗೆ ಯಾರಾಗಬೇಕು?"

"ಇವಳ ತಾಯಿ," ಅಂದರು ಶೈಲಾ ಆಂಟಿ. ಮುಂದೇನೂ ಹೇಳಬೇಕಾಗಲಿಲ್ಲ. ನೋರೀನ್ ನನ್ನ ಮುಖವನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ಒಳಕೋಣೆಯ ಬಾಗಿಲಿಗೆ ಕರೆದುಕೊಂಡು ಹೋಗಿ ಒಂದು ಬಕೆಟ್ಟು ತೋರಿಸಿದಳು. ತುಂಬ ಹಳದಿ ಸೇವಂತಿಗೆ.

"ಇದರ ಹತ್ತಿರ. ಆದರೆ ಇದನ್ನು ಮದುವೆಗೆ ಯಾರೂ ಒಯ್ಯುವುದಿಲ್ಲ, ಲವ್. ಇದು ಸಮಾಧಿಯ ಹೂವು." ಅಲ್ಲಿಯ ಹಳಬರು ಅಕ್ಕರೆಯಿಂದ ಯಾರನ್ನಾದರೂ 'ಲವ್' ಎಂದೇ ಕರೆಯುತ್ತಿದ್ದರು.

ಶೈಲಾ ಆಂಟಿ ನಕ್ಕುಬಿಟ್ಟರು, ಕಣ್ಣಲ್ಲಿ ನೀರಿಟ್ಟುಕೊಂಡೇ. "ನಮ್ಮಲ್ಲಿ ಇದಿಲ್ಲದೆ ಮದುವೆಯೇ ಆಗುವುದಿಲ್ಲ. ಹೆಣ್ಣುಮಕ್ಕಳು ಮುಡಿದುಕೊಳ್ಳುತ್ತೇವೆ."

ನನಗೆ ತಡೆಯಲಾಗಲಿಲ್ಲ. "ನಮ್ಮಮ್ಮ ನನ್ನನ್ನು ನೋಡಿದಳಾ?" ಎಂದು ಕೇಳಿದೆ.

ನೋರೀನ್ ನನ್ನ ಎತ್ತರಕ್ಕೆ ಬಗ್ಗಿದಳು. ಅವಳ ಏಪ್ರನ್ನಿನಿಂದ ಕತ್ತರಿಸಿದ ಕಾಂಡದ ಹಸಿ ವಾಸನೆ ಬರುತ್ತಿತ್ತು. "ನೋಡಿದಳು, ಲವ್. ನೀನು ಬಕೆಟ್ಟಿಗೆ ಬಗ್ಗಿದ್ದೆಯಲ್ಲ, ನಿನ್ನ ಜಡೆ ನೀರಿಗೆ ಬೀಳುತ್ತಿತ್ತು. ಅವಳು ಅದನ್ನು ಎತ್ತಿ ಹಿಡಿದುಕೊಂಡಿದ್ದಳು."

ನಾನು ಕತ್ತಿನ ಹಿಂದೆ ಮುಟ್ಟಿಕೊಂಡೆ. ಆವತ್ತು ನನಗೆ ಏನೂ ತಿಳಿದಿರಲಿಲ್ಲ. ಒಂದು ಬೆರಳು ತಾಕಿದ್ದೂ ತಿಳಿದಿರಲಿಲ್ಲ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಅಡಿಗೆಮನೆಯ ನೆಲದ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಸೇವಂತಿಗೆ ಸುರಿದುಕೊಂಡೆವು. ದಾರವನ್ನು ಕಾಲ್ಬೆರಳಿಗೆ ಸುತ್ತಿಕೊಂಡು ಹೂವು ಕಟ್ಟುವುದನ್ನು ಶೈಲಾ ಆಂಟಿ ಕಲಿಸಿದರು. ನನ್ನದು ಸಡಿಲವಾಗಿ ಉದುರುತ್ತಿತ್ತು. ಅವರು ಮತ್ತೆ ಕಟ್ಟುತ್ತಿದ್ದರು. "ನಿಮ್ಮಮ್ಮಂಗೆ ಊಟಕ್ಕೆ ಏನಿಷ್ಟ ಇತ್ತು?" ಎಂದು ಕೇಳಿದರು.

"ಎಣ್ಣೆಗಾಯಿ," ಅಂದೆ. ಎಷ್ಟೋ ತಿಂಗಳ ಮೇಲೆ ನನ್ನ ಬಾಯಿಂದ ಬಂದ ಮೊದಲ ಕನ್ನಡ ಉತ್ತರ ಅದು. ಆಮೇಲೆ ನಿಲ್ಲಲೇ ಇಲ್ಲ. ಶಾವಿಗೆ ಪಾಯಸಕ್ಕೆ ಏಲಕ್ಕಿ ಜಾಸ್ತಿ, ಅನ್ನದ ಮೇಲೆ ತುಪ್ಪ ಕಡಿಮೆ, ಹಪ್ಪಳ ಸ್ವಲ್ಪ ಸೀದಿರಬೇಕು, ಎಲ್ಲ ಹೇಳಿದೆ. ಅಪ್ಪನೂ ಬಂದು ಹಪ್ಪಳ ಸುಟ್ಟರು, ಬೇಕೆಂದೇ ಒಂದು ಅಂಚು ಸೀಯಿಸಿದರು.

ಸಂಜೆ ಅಡಿಗೆಮನೆಯ ಮೇಜಿನ ಮೇಲೆ ಅಮ್ಮನ ಫೋಟೊ ಇಟ್ಟು, ದೀಪ ಹಚ್ಚಿ, ಬಾಳೆಲೆಯಿಲ್ಲದ್ದರಿಂದ ಸ್ಟೀಲ್ ತಟ್ಟೆಯಲ್ಲೇ ಎಡೆ ಇಟ್ಟೆವು. ಪಕ್ಕದಲ್ಲಿ ಹೊಸ ಸೀರೆ, ಅರಿಶಿನ ಕುಂಕುಮ, ಉದ್ದನೆಯ ಒಂದು ಸೇವಂತಿಗೆ ದಂಡೆ. ಹಿತ್ತಲ ಬಾಗಿಲಿಗೆ ಅಪ್ಪ ಬೀಗ ಹಾಕಿದ್ದರು. "ಅವರು ಬಂದು ಊಟ ಮಾಡೋವಾಗ ನಾವು ನೋಡಬಾರ್ದು," ಎಂದು ಶೈಲಾ ಆಂಟಿ ಅಡಿಗೆಮನೆಯ ಬಾಗಿಲು ಮುಚ್ಚಿದರು. ನಾವು ಮೂವರೂ ಮೆಟ್ಟಿಲ ಮೇಲೆ ಕೂತೆವು. ಒಳಗೆ ಫ್ರಿಜ್ಜು ಗುಂಯ್‌ಗುಡುವುದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ನಿಂತ ಆ ಮೌನದಲ್ಲಿ ತಟ್ಟೆ ಮೇಜಿನ ಮೇಲೆ ಸ್ವಲ್ಪವೇ ಸರಿದ ಸದ್ದಾಯಿತು. ನಾನು ಎದ್ದೆ. ಅಪ್ಪ ನನ್ನನ್ನು ತಬ್ಬಿ ಹಿಡಿದುಕೊಂಡರು. ಅವರ ಎದೆ ಹೊಡೆದುಕೊಳ್ಳುವುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಬಾಗಿಲು ತೆಗೆದರೆ ಅಮ್ಮ ಇರುತ್ತಾಳೆ, ನಾನು ನೋಡಿದರೆ ಹೊರಟುಬಿಡುತ್ತಾಳೆ. ಎರಡೂ ನನಗೆ ಒಟ್ಟಿಗೇ ಗೊತ್ತಿತ್ತು. ನಾನು ಬಿಡಿಸಿಕೊಳ್ಳಲಿಲ್ಲ.

ಬಾಗಿಲು ತೆಗೆದದ್ದು ಶೈಲಾ ಆಂಟಿ. ಊಟ ಇಟ್ಟ ಹಾಗೇ ಇತ್ತು. ದೀಪ ಉರಿಯುತ್ತಿತ್ತು. ದಂಡೆ ಮಾತ್ರ ಗಿಡ್ಡವಾಗಿತ್ತು. ಮುಡಿಗೆ ಬೇಕಾದಷ್ಟನ್ನು ಹೆಂಗಸರು ಕಿತ್ತುಕೊಳ್ಳುತ್ತಾರಲ್ಲ, ಹಾಗೆ ಒಂದು ಗೇಣು ಹೂವು ಇರಲಿಲ್ಲ. ದಾರದ ತುದಿ ಜೋತಾಡುತ್ತಿತ್ತು.

"ಪಕ್ಕದ ಮನೆ ಬೆಕ್ಕು ಬಂದಿರ್ಬೇಕು," ಎಂದರು ಅಪ್ಪ. ಹಿತ್ತಲ ಬಾಗಿಲಿನ ಬೀಗ ಹಾಕಿದಂತೆಯೇ ಇತ್ತು.

ಶೈಲಾ ಆಂಟಿ ತುದಿಗೆ ಗಂಟು ಹಾಕಿ, ಉಳಿದ ಹೂವಿನಲ್ಲಿ ಅರ್ಧ ತಾವು ಮುಡಿದುಕೊಂಡರು. ಇನ್ನರ್ಧ ನನಗೆ ಮುಡಿಸಿದರು.

ಮಾರನೆಯ ದಿನ ಊರಿನ ಸಮುದಾಯ ಭವನದಲ್ಲಿ ಮದುವೆ ನಡೆಯಿತು. ಡಬ್ಲಿನ್ನಿನಿಂದ ಪುರೋಹಿತರು ಬಂದಿದ್ದರು. ಅಪ್ಪ, ಶೈಲಾ ಆಂಟಿ ಇಬ್ಬರ ಕೊರಳಲ್ಲೂ ಹಳದಿ ಹಾರ. ಅಪ್ಪನ ಆಫೀಸಿನ ಐರಿಷ್ ಹೆಂಗಸರು ಅದನ್ನು ನೋಡಿ ತಮ್ಮತಮ್ಮಲ್ಲೇ ಪಿಸುಗುಟ್ಟಿದರು. ನೋರೀನ್ ತನ್ನ ಭಾನುವಾರದ ಕೋಟು ಹಾಕಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ತಾಳಿ ಕಟ್ಟಿದ ಕೂಡಲೇ ನಾನು ಅವಳ ಹತ್ತಿರ ಓಡಿ, ಕಿವಿಯಲ್ಲಿ ಕೇಳಿದೆ. "ಎಲ್ಲಿದ್ದಾಳೆ?"

ನೋರೀನ್ ಭವನವನ್ನೆಲ್ಲ ನಿಧಾನವಾಗಿ ನೋಡಿದಳು. ಬಾಗಿಲ ಕಡೆ, ಕಿಟಕಿಯ ಕಡೆ, ಮಂಟಪದ ಹಿಂದೆ.

"ಇಲ್ಲ, ಲವ್. ಇವತ್ತು ಬರೀ ನೀವು ಮೂವರೇ."

ಎಲ್ಲರೂ ಅಕ್ಷತೆ ಹಾಕಿ ನಗುತ್ತಿದ್ದರು. ನಾನು ಹೊರಗೆ ಕಾರ್ ಪಾರ್ಕಿನಲ್ಲಿ ಮಳೆಯಲ್ಲಿ ನಿಂತು, ಅಮ್ಮ ಸತ್ತಾಗ ಅಳದಷ್ಟು ಅತ್ತೆ. ಹುಡುಕಿಕೊಂಡು ಬಂದವರು ಮದುಮಗಳೇ. ರೇಷ್ಮೆ ಸೀರೆ ಒದ್ದೆಯಾಗುತ್ತಿದ್ದರೂ ನನ್ನ ಪಕ್ಕ ನಿಂತರು. ಆವತ್ತಿನಿಂದ ಅವರು ನನಗೆ ಚಿಕ್ಕಮ್ಮ. ಈ ಕನ್ನಡ ಅಕ್ಷರಗಳನ್ನು ನನಗೆ ಕಲಿಸಿದವರೂ ಅವರೇ.

ಈಗ ನಾನು ಬೇರೆ ಊರಿನಲ್ಲಿ ಒಬ್ಬಳೇ ಇರುತ್ತೇನೆ. ನೋರೀನ್ ಇಲ್ಲ. ಆ ಬೀದಿಯ ಚಿಮಣಿಗಳಲ್ಲಿ ಹೊಗೆಯೂ ಅಪರೂಪ. ಅಮ್ಮನ ದನಿ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ಹೋದರೆ ಚಿಕ್ಕಮ್ಮನ ದನಿಯೇ ಬರುತ್ತದೆ. ಅಮ್ಮ ತೀರಿಹೋಗಿ ಎರಡು ವರ್ಷವಾದಮೇಲೂ ಆ ಒಂದು ಶರತ್ಕಾಲ ನಮ್ಮ ಬೆನ್ನ ಹಿಂದೆಯೇ ನಡೆದಿದ್ದಳು. ಗುರುತಿಲ್ಲದವರ ಕಣ್ಣಿಗೆಲ್ಲ ಬಿದ್ದಳು. ನನ್ನೊಬ್ಬಳ ಕಣ್ಣಿಗೆ ಬೀಳಲಿಲ್ಲ. ಆಗ ಎಷ್ಟು ಹೆದರಿಕೊಂಡಿದ್ದೆ! ಇವತ್ತು ಎಂಥ ಕತ್ತಲ ಕೋಣೆಗಾದರೂ ದೀಪ ಹಾಕದೆ ನಡೆದುಹೋಗುತ್ತೇನೆ. ಒಂದು ಗಳಿಗೆ ಸುಮ್ಮನೆ ನಿಂತು ಅವಳಿಗಾಗಿ ಕಾಯುತ್ತೇನೆ. ಏನೂ ಆಗುವುದಿಲ್ಲ, ಮೈ ಜುಮ್ಮೆನ್ನುವುದೂ ಇಲ್ಲ.