ಮಾಸ್ತರರ ಆರು ಅಂಕೆ

ಮಾಸ್ತರರ ಬಾಯಿ ಎಡಕ್ಕೆ ಎಳೆದುಕೊಂಡಿತ್ತು. ಗಂಜಿ ಕುಡಿಸಿದರೆ ಅರ್ಧ ಹೊಟ್ಟೆಗೆ, ಅರ್ಧ ಕುತ್ತಿಗೆಗೆ. ಆ ಬಾಯಿಂದ ಹೊರಡುವ ಮಾತು ಮನೆಯವರಿಗೆ ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು. ಬಾಡ ಊರಿನ ಆ ಮನೆಗೆ ಎಷ್ಟೋ ವರ್ಷ ಮೀನು ಕೊಟ್ಟವಳು ನಾನು.

ಲಕ್ವ ಹೊಡೆಯುವ ಮೊದಲು ಅವರು ಕುಮಟೆಯ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮದುವೆಯಿಲ್ಲ. ತಂಗಿಯ ಮಗನ ಮನೆಯಲ್ಲಿದ್ದರು. ಮೃದು ಮನುಷ್ಯ ಎಂದು ಹೇಳಲಾರೆ. ಬಾಯಿ ಖಾರ. ಹೇಳಿದ್ದನ್ನು ಎರಡನೇ ಸಲ ಹೇಳುವ ಜಾಯಮಾನವಲ್ಲ. ಬಂಗಡೆಯ ಕಿವಿರು ಎತ್ತಿ ನೋಡಿ, "ಇದು ಸತ್ತದ್ದು ನಿನ್ನ ಮದ್ವೆ ದಿವ್ಸವೇನೆ?" ಎಂದು ಕೇಳುವರು. ಆದರೂ ಬಿಸಿಲಲ್ಲಿ ಬಂದವಳಿಗೆ ಕೂತ್ಕೋ ಎನ್ನುತ್ತಿದ್ದವರು ಆ ಕೇರಿಯಲ್ಲಿ ಅವರೊಬ್ಬರೇ.

ಒಂದು ದಿನ ಜಗಲಿಯ ಮೇಲೆ ಇದ್ದಲಿನಿಂದ ಆರು ಅಂಕೆಗಳನ್ನು ಬಳೆಯಂತೆ ದುಂಡಗೆ ಬರೆದರು: ೧, ೪, ೨, ೮, ೫, ೭. ನನಗೆ ಅಕ್ಷರ ಅಷ್ಟಕ್ಕಷ್ಟೆ, ಅಂಕೆ ಬರುತ್ತದೆ.

"ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು. ಎರಡು ಪಟ್ಟು ಮಾಡಿದ್ರೆ ಇಲ್ಲಿಂದ ಓದು," ಎಂದು ಎರಡರ ಮೇಲೆ ಬೆರಳಿಟ್ಟರು. ೨೮೫೭೧೪. "ಮೂರು ಪಟ್ಟಿಗೆ ನಾಲ್ಕರಿಂದ." ೪೨೮೫೭೧. ಆರು ಪಟ್ಟಿನವರೆಗೂ ಅದೇ ಅಂಕೆ, ಅದೇ ಸಾಲು. ಹೊರಡುವ ಜಾಗ ಮಾತ್ರ ಬೇರೆ. ಏಳು ಪಟ್ಟು ಮಾಡಿದರೆ ಎಲ್ಲ ಹೋಗಿ ಬರೀ ಒಂಬತ್ತುಗಳು.

"ಇದ್ರಲ್ಲಿ ಸಾರು ಆಗ್ತದಾ ಮಾಸ್ತರೇ?" ಎಂದೆ.

"ನಿನ್ನ ಮೀನಲ್ಲೂ ಆಗೂದಿಲ್ಲ."

ನಾವು ಮೀನು ಎಣಿಸುವಾಗ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಆ ಬಳೆಯನ್ನೂ ನಾನು ಹಾಗೇ ಓದಿದೆ: ಲಾಭ, ನಾಲ್ಕು, ಎರಡು... ಮಾಸ್ತರರು ನಕ್ಕರು. ಅಂದಿನಿಂದ ಅವರಿಗೂ ಆ ಸಂಖ್ಯೆಯಲ್ಲಿ ಒಂದು ಎಂಬುದು ಲಾಭವೇ ಆಯಿತು. ನಾನು ಬುಟ್ಟಿ ಇಳಿಸುತ್ತ "ಐದು ಪಟ್ಟು?" ಎನ್ನಬೇಕು, ಅವರು ತಡವರಿಸದೆ ಹೇಳಬೇಕು. ದಿನವೂ ಇದೇ.

ಲಕ್ವ ಬಡಿದ ಮೇಲೆ ತಂಗಿಯ ಮಗ ಅವರನ್ನು ಹೊನ್ನಾವರದ ಕಡೆ ಒಂದು ಆಶ್ರಮಕ್ಕೆ ಸೇರಿಸಲು ಹೊರಟ.

"ಮಾವನಿಗೆ ಎಂತದೂ ತಿಳಿಯೂದಿಲ್ಲ. ಬುದ್ಧಿ ಇದ್ದಿದ್ರೆ ನಾನು ಕಳಿಸ್ತಿದ್ನಾ?"

"ಬುದ್ಧಿ ಇದೆ ತಮಾ. ನಾನು ಒಂದು ಲೆಕ್ಕ ಕೇಳ್ತೇನೆ, ನೀನು ಮೊಬೈಲಲ್ಲಿ ಹಾಕಿ ನೋಡು."

"ಆತು, ಕೇಳು ಹಾಗಾದ್ರೆ. ಸರಿ ಹೇಳಿದ್ರೆ ಕಳಿಸೂದಿಲ್ಲ."

ಅವನಿಗೆ ಸಂಖ್ಯೆ ಹೇಳಿ, ಮಾಸ್ತರರ ಕಿವಿಗೆ ಬಾಗಿ "ಮೂರು ಪಟ್ಟು?" ಎಂದೆ.

ಬಾಯಿ ಅಲುಗಿತು. ನಾಲ್ಕು. ಎರಡು. ಎಂಟು. ಐದು. ಏಳು. ಒಂದೊಂದಕ್ಕೂ ಜೊಲ್ಲು. ಮೊಬೈಲ್ ನೋಡುತ್ತಿದ್ದವನ ಮುಖ ಬದಲಾಯಿತು. ಕಡೆಗೆ ಮಾಸ್ತರರು "ಲಾಭ" ಎಂದರು.

"ಎಂತ ಲಾಭ? ಕಂಡ್ಯಾ, ತಲೆ ಹೋಗಿದೆ."

"ಅದು ಒಂದು ಕಾಣೋ. ನಾವು ಎಣಿಸೂದೇ ಹಾಗೆ."

"ಹಾಗಾದ್ರೆ ಇನ್ನೊಂದ್ಸಲ ಹೇಳ್ಲಿ. ಮಾವಾ, ಒಂದು ಅಂತ ಹೇಳಿ."

ಮಾಸ್ತರರು ತುಟಿ ಬಿಚ್ಚಲಿಲ್ಲ.

"ಹೇಳಿ ಮಾರಾಯ್ರೇ, ಹಟ ಮಾಡೂ ಹೊತ್ತಾ ಇದು?" ಎಂದು ಬೈದೆ. ಕಣ್ಣು ಮುಚ್ಚಿಕೊಂಡರು.

ಮರುದಿನ ಗಾಡಿ ಬಂತು.

ಮಳೆಗಾಲ ಮುಗಿಯುವುದರೊಳಗೆ ಸತ್ತರು. ಆಶ್ರಮದಲ್ಲಿ ಕೆಲಸಕ್ಕಿದ್ದ ನಮ್ಮ ಕೇರಿಯ ಹೆಂಗಸು ಹೇಳಿದಳು: ಅವರು ಯಾರ ಹತ್ತಿರವೂ ಮಾತಾಡಲಿಲ್ಲವಂತೆ. ದಿನವಿಡೀ ಎಡಗೈ ಬೆರಳಿನಿಂದ ಹಾಸಿಗೆಯ ಮೇಲೆ ದುಂಡಗೆ ಏನೋ ಗೀಚುತ್ತಿದ್ದರಂತೆ. ಚಾದರ ಹರಿಯುತ್ತದೆ ಎಂದು ಆ ಕೈಯನ್ನು ಮಂಚಕ್ಕೆ ಕಟ್ಟಿದರಂತೆ.

ಆಡುತ್ತಿದ್ದದ್ದು ಅದೊಂದೇ ಕೈ.