ಶವಾಸನದ ವಾಲ್ಯೂಮ್

ಬಂಗೂರನಗರದ ಹೆಂಗಸರ ಯೋಗ ಕ್ಲಾಸಿನಲ್ಲಿ ಹಾಡು ಹಚ್ಚುವ ಹೊಣೆ ನನಗೆ ಬಂದದ್ದು ನನ್ನ ಸಂಗೀತಜ್ಞಾನ ನೋಡಿ ಅಲ್ಲ. ನಮ್ಮ ಮನೆಯಲ್ಲಿ ಬ್ಲೂಟೂತ್ ಸ್ಪೀಕರ್ ಇತ್ತು, ಅಷ್ಟೇ. ಕಲಿಸುವವರು ಧಾರವಾಡ ಕಡೆಯ ನಿವೃತ್ತ ಪಿ.ಟಿ. ಮಾಸ್ತರು. ಕೊನೆಗೆ ಶವಾಸನ. ಆಗ ನನ್ನ ಫೋನಿನಿಂದ ಕೊಳಲಿನ ರೆಕಾರ್ಡು ಹಚ್ಚುತ್ತಿದ್ದೆ. ಅದು ಮುಗಿಯುವಾಗ ಠಣ್ಣೆಂದು ಗಂಟೆ ಹೊಡೆಯುತ್ತದೆ, ಎಲ್ಲರೂ ಏಳಬೇಕು.

ಕೊಳಲಿನ ದನಿ ತೀರಾ ಸಣ್ಣದು. ಹಿಂದಿನ ಸಾಲಿನವರು ಕೇಳಿಸುವುದಿಲ್ಲ ಎಂದರೆಂದು ಒಂದು ದಿನ ವಾಲ್ಯೂಮ್ ಪೂರ್ತಿ ಏರಿಸಿದೆ. ಗಂಟೆ ಹೊಡೆಯಿತು. ನಾನು ಬಂದ್ ಮಾಡುವುದರೊಳಗೆ ಮುಂದಿನ ಹಾಡು ಶುರುವಾಗಿಬಿಟ್ಟಿತು. ಅದು ಮೈದುನನ ಮದುವೆ ಮೆರವಣಿಗೆಗೆಂದು ಇಳಿಸಿಕೊಂಡಿದ್ದ ಕುಣಿಯುವ ಹಾಡು. ಹೆಂಗಸರೆಲ್ಲ ಚೀರಿ ಎದ್ದರು. ಒಬ್ಬರಂತೂ ಬಾಗಿಲವರೆಗೆ ಓಡಿದರು.

“ಅಕ್ಕಾರ, ಇದು ಶವಾಸನ ರೀ,” ಎಂದರು ಮಾಸ್ತರು. “ಶವ ಎದ್ದು ಓಡೂ ಆಸನ ಅಲ್ಲ!”

ಮನೆಗೆ ಬಂದು ಫೋನಿನ ಸೆಟ್ಟಿಂಗ್ ಕೆದಕಿದೆ. ‘ವಾಲ್ಯೂಮ್ ಲೆವೆಲಿಂಗ್’ ಸಿಕ್ಕಿತು. ಸಣ್ಣ ದನಿಯ ಹಾಡನ್ನು ಏರಿಸಿ, ದೊಡ್ಡದನ್ನು ಇಳಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದಂತೆ. ಅದರ ಕೆಳಗೇ ‘ಪೀಕ್ ಲಿಮಿಟರ್’. ಹಾಗೆ ಏರಿಸಿದಾಗ ಯಾವುದಾದರೂ ಸದ್ದು ಮಿತಿಮೀರಿ ಒಡೆಯದಂತೆ ಅದರ ತಲೆ ಅದುಮುತ್ತದಂತೆ. ಎರಡನ್ನೂ ಒತ್ತಿದೆ.

ಮರುದಿನ ಕೊಳಲು ಎಲ್ಲರಿಗೂ ಹಿತವಾಗಿ ಕೇಳಿಸಿತು. ಗಂಟೆ ಮಾತ್ರ ಸೀರೆಯಲ್ಲಿ ಸುತ್ತಿದ ತಂಬಿಗೆಗೆ ಬಡಿದಂತೆ ಬಂತು. ಮೆರವಣಿಗೆಯ ಹಾಡೂ ಹಿಂದೆಯೇ ಬಂತು, ಎಲ್ಲೋ ಹಳಿಯಾಳದಲ್ಲಿ ಯಾರದೋ ಮದುವೆ ನಡೆದಂತೆ. ಇದೆಲ್ಲ ಕೇಳಿದ್ದು ನನಗೆ ಅರೆನಿದ್ದೆಯಲ್ಲಿ. ಆಮೇಲೆ ನಾನೂ ನಿದ್ದೆಹೋದೆ.

ಕಣ್ಣು ತೆರೆದಾಗ ಬಾಗಿಲಲ್ಲಿ ನಗೆಕೂಟದ ಗಂಡಸರು ಗಾಬರಿಯಿಂದ ನಿಂತಿದ್ದರು. ನಮ್ಮ ನಂತರ ಆ ಹಾಲ್ ಅವರದು.

“ಏನಾಗೇತ್ರಿ ಇವರಿಗೆಲ್ಲಾ?” ಎಂದರು ಒಬ್ಬರು.

ಗೊರಕೆ ಹೊಡೆಯುತ್ತಿದ್ದ ಮಾಸ್ತರು ದಡಕ್ಕನೆ ಎದ್ದು ಕುಳಿತರು. “ಅಭ್ಯಾಸ ನಡದೈತಿ!”

ಆ ಸೆಟ್ಟಿಂಗ್ ತೆಗೆದುಬಿಡುತ್ತೇನೆ ಎಂದೆ. ಪಕ್ಕದ ಮನೆಯಾಕೆ ನನ್ನ ಕೈ ಹಿಡಿದರು. ಅವರ ಗಂಡನಿಗೆ ಪೇಪರ್ ಮಿಲ್ಲಿನಲ್ಲಿ ವಾರಕ್ಕೊಮ್ಮೆ ಬದಲಾಗುವ ಪಾಳಿ.

“ಬ್ಯಾಡ್ರಿ ಅಕ್ಕಾರ. ಅವರು ಎದ್ದಾಗ ಏಳೂದು, ಬಂದಾಗ ಬಡಸೂದು. ನಾ ಇಷ್ಟ ಚಂದ ಮಲಗಿ ಎಷ್ಟ ವರ್ಷ ಆತೋ!”

ಉಳಿದವರೂ ದನಿಗೂಡಿಸಿದರು. ಮಾಸ್ತರು ಸ್ವಲ್ಪ ಹೊತ್ತು ಶಿಸ್ತಿನ ಬಗ್ಗೆ ಮಾತಾಡಿದರು, ಆದರೆ ತೆಗೆಯಿರಿ ಎನ್ನಲಿಲ್ಲ. ನಗೆಕೂಟದವರು ಈಗ ಹೊರಗೆ ಮರದ ಕೆಳಗೆ ನಗುತ್ತಾರೆ.